ಬಾಂಡ್‌ಗೆ ಸೈನ್ ಹಾಕೋ ಮುಂಚೆ ಒಂದು ತೀರ್ಪು ಓದೋಣ

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಜಯಾ ಬ್ಯಾಂಕ್ ತನ್ನ ಅಧಿಕಾರಿಯೊಬ್ಬರಿಂದ ಬರೆಸಿಕೊಂಡಿದ್ದ ಎರಡು ಲಕ್ಷ ರೂಪಾಯಿಯ ಬಾಂಡ್ ಕಾನೂನಿಗೆ ವಿರುದ್ಧ ಅಲ್ಲ ಅಂತ. ನಮ್ಮ ಪ್ಲೇಸ್‌ಮೆಂಟ್ ಗ್ರೂಪ್‌ಗಳಲ್ಲಿ ಅದು ಒಂದೇ ಸಾಲಿನಲ್ಲಿ ಓಡಾಡಿತು: "ಬಾಂಡ್ ವ್ಯಾಲಿಡ್, ಸುಪ್ರೀಂ ಕೋರ್ಟೇ ಹೇಳಿದೆ." ಕೆಳಗೆ ನಾಲ್ಕು ಅಳೋ ಇಮೋಜಿ. ಅಲ್ಲಿಗೆ ಚರ್ಚೆ ಮುಗೀತು.

ಆ ಸಾಲು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಇನ್ನೆರಡು ವರ್ಷದಲ್ಲಿ ನಾವೆಲ್ಲ ಒಂದು ಆಫರ್ ಲೆಟರ್ ಕೆಳಗೆ ಸೈನ್ ಹಾಕೋರು. ಅವತ್ತು ನಮ್ಮ ಕೈಯಲ್ಲಿ ಇರೋದು ಈ ಅರ್ಧ ಸಾಲು ಮಾತ್ರ ಆಗಿದ್ದರೆ ಅದು ನಮಗೆ ನಷ್ಟ. ಅದಕ್ಕೇ ಈ ಲೇಖನ.

ನಾನು ಹೇಳಬೇಕು ಅಂತಿರೋದು ಒಂದೇ ಮಾತು. ಪ್ರತಿ ತೀರ್ಪಿನಲ್ಲೂ ಎರಡು ಭಾಗ ಇರುತ್ತೆ. ಒಂದು ಫಲಿತಾಂಶ, ಅಂದ್ರೆ ಯಾರು ಗೆದ್ದರು, ಯಾರು ಸೋತರು. ಇನ್ನೊಂದು ಕಾರಣ, ಅಂದ್ರೆ ಯಾಕೆ ಗೆದ್ದರು. ಫಲಿತಾಂಶ ಕೋರ್ಟಿಗೆ ಹೋದ ಆ ಇಬ್ಬರಿಗೆ ಸೇರಿದ್ದು. ಕಾರಣ ನಮಗೆಲ್ಲ ಸೇರಿದ್ದು. ಸಂವಿಧಾನದ 141ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟ್ ಸಾರಿದ ಕಾನೂನನ್ನು ದೇಶದ ಎಲ್ಲ ಕೋರ್ಟುಗಳೂ ಪಾಲಿಸಬೇಕು. ಆ ಕಾನೂನು ಇರೋದು ಕಾರಣದಲ್ಲಿ. ಗಿಟ್‌ನಲ್ಲಿ ಯಾರೋ "ಬಗ್ ಫಿಕ್ಸ್ಡ್" ಅಂತ ಕಮಿಟ್ ಮೆಸೇಜ್ ಹಾಕಿರ್ತಾರೆ. ಅದನ್ನಷ್ಟೇ ಓದಿ ಕೋಡ್ ಅರ್ಥ ಆಯ್ತು ಅಂತ ಯಾರಾದರೂ ಹೇಳ್ತಾರಾ? ಯಾವ ಸಾಲು ಬದಲಾಯ್ತು, ಯಾಕೆ ಬದಲಾಯ್ತು ಅಂತ ತೆಗೆದು ನೋಡಬೇಕು ತಾನೆ?

ತಮಗೆ ಸಿಗದಿದ್ದನ್ನು ನಮಗೆ ಕೊಟ್ಟವರು

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೇರಳ ಸರ್ಕಾರದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತೆ ಅನ್ನೋದು ಅವರ ದೂರು. ಕೇಸ್ ಬೆಳೀತಾ ಬೆಳೀತಾ ಪ್ರಶ್ನೆಯೇ ಬೇರೆ ಆಯ್ತು: ಸಂಸತ್ತು ಸಂವಿಧಾನವನ್ನು ತನಗೆ ಬೇಕಾದ ಹಾಗೆ ತಿದ್ದಬಹುದಾ? 13 ನ್ಯಾಯಮೂರ್ತಿಗಳು ಕೂತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪು ಬಂತು: ಸಂಸತ್ತು ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸೋ ಹಾಗಿಲ್ಲ.

ಸ್ವಾಮೀಜಿಗೆ ಏನು ಸಿಕ್ತು? ಆ ಭೂಸುಧಾರಣೆ ಕಾನೂನಿಗೆ ರಕ್ಷಣೆ ಕೊಟ್ಟಿದ್ದ 29ನೇ ತಿದ್ದುಪಡಿಯನ್ನು ಕೋರ್ಟ್ ಎತ್ತಿಹಿಡಿಯಿತು. ಜಮೀನಿನ ಲೆಕ್ಕದಲ್ಲಿ ಅವರು ಸೋತರು. ಅವತ್ತು ಗ್ರೂಪ್ ಇದ್ದಿದ್ದರೆ "ಸ್ವಾಮೀಜಿ ಸೋತರು" ಅಂತ ಒಂದು ಮೆಸೇಜ್ ಬಂದು ಮುಗಿದುಹೋಗ್ತಿತ್ತು. ಆದರೆ ಆ ಒಂದು ಕಾರಣ ಮಾತ್ರ ಉಳಿಯಿತು. 1975ರಲ್ಲಿ ಪ್ರಧಾನಿಯ ಚುನಾವಣೆಯನ್ನು ಕೋರ್ಟಿನಿಂದ ಆಚೆ ಇಡೋಕೆ ತಂದ 39ನೇ ತಿದ್ದುಪಡಿಯ ಒಂದು ಭಾಗ ಬಿದ್ದಿದ್ದು ಅದರಿಂದ. 2015ರಲ್ಲಿ ನ್ಯಾಯಾಧೀಶರ ನೇಮಕಾತಿ ಆಯೋಗ ರದ್ದಾಗಿದ್ದೂ ಅದರಿಂದಲೇ.

ಎರಡನೆಯವರು ಎಸ್.ಆರ್. ಬೊಮ್ಮಾಯಿ. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಿದರು. ವಿಧಾನಸಭೆಯಲ್ಲಿ ಬಹುಮತ ತೋರಿಸ್ತೀನಿ ಅಂದರೂ ಅವಕಾಶ ಸಿಗಲಿಲ್ಲ. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬರೋ ಹೊತ್ತಿಗೆ ಕರ್ನಾಟಕದಲ್ಲಿ ಚುನಾವಣೆ ಮುಗಿದು ಹೊಸ ಸರ್ಕಾರ ಬಂದು ವರ್ಷಗಳೇ ಆಗಿದ್ದವು. ಬೊಮ್ಮಾಯಿಗೆ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಇವತ್ತು ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಟಿವಿಯಲ್ಲಿ ಮೊದಲು ಕೇಳೋ ಪದ ಏನು? ವಿಶ್ವಾಸಮತ. ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದೊಳಗೇ ತೀರ್ಮಾನ ಆಗಬೇಕು, ರಾಜಭವನದಲ್ಲಿ ಅಲ್ಲ ಅನ್ನೋ ನಿಯಮ ಅವರ ಕೇಸಿನಿಂದ ಬಂದಿದ್ದು.

ಮೂರನೆಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದ ಮಾಡ್ತು. ಅದಕ್ಕೆ 1954ರ ಎಂಟು ನ್ಯಾಯಮೂರ್ತಿಗಳ ತೀರ್ಪು, 1962ರ ಆರು ನ್ಯಾಯಮೂರ್ತಿಗಳ ತೀರ್ಪು ಎರಡನ್ನೂ ಮುಂದಿಟ್ಟಿತು. ಎಂಟು ಜನರ ಮಾತನ್ನು ಚಿಕ್ಕ ಪೀಠ ಬದಲಾಯಿಸೋ ಹಾಗಿಲ್ಲ. ಹಾಗಾಗಿ ಒಂಬತ್ತು ಜನ ಕೂರಬೇಕಾಯ್ತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಸಂವಿಧಾನದಲ್ಲಿ ಆ ಪದ ಇವತ್ತಿಗೂ ಇಲ್ಲ. ಆದರೆ 21ನೇ ವಿಧಿಯ 'ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ'ದೊಳಗೆ ಅದು ಇದೆ ಅಂತ ಕೋರ್ಟ್ ಓದಿತು.

ಆಧಾರ್ ನಿಂತಿತಾ? ಇಲ್ಲ. 2018ರ ಸೆಪ್ಟೆಂಬರ್‌ನಲ್ಲಿ 4-1ರ ಬಹುಮತದಿಂದ ಆಧಾರ್ ಕಾನೂನು ಉಳೀತು. ಅಂದ್ರೆ ಪುಟ್ಟಸ್ವಾಮಿಯವರಿಗೂ ತಾವು ಕೇಳಿದ್ದು ಪೂರ್ತಿ ಸಿಗಲಿಲ್ಲ. ನಮಗೆ ಮಾತ್ರ ಒಂದು ಹಕ್ಕು ಸಿಕ್ತು.

ಆ ಹಕ್ಕು ನಮ್ಮ ಹಾಸ್ಟೆಲ್ ತನಕ ಬಂದಿದ್ದು ಹೇಗೆ

"ಸರಿ, ಇದೆಲ್ಲ ಡೆಲ್ಲಿ ವಿಷಯ, ನಮಗೇನು?" ಅಂತ ಕೇಳಬಹುದು. 2017ರ ತೀರ್ಪು ಬರೀ ಹಕ್ಕು ಇದೆ ಅಂತ ಹೇಳಿ ನಿಲ್ಲಲಿಲ್ಲ. ಯಾರಾದರೂ ಆ ಹಕ್ಕಿಗೆ ಕೈ ಹಾಕಿದರೆ ಕೇಳಬೇಕಾದ ಪ್ರಶ್ನೆಗಳನ್ನೂ ಕೊಟ್ಟಿತು. ಇದಕ್ಕೆ ಕಾನೂನಿನ ಆಧಾರ ಇದೆಯಾ? ಉದ್ದೇಶ ನ್ಯಾಯವಾದದ್ದಾ? ಆ ಉದ್ದೇಶಕ್ಕೆ ಬೇಕಾದಷ್ಟೇ ಮಾಡ್ತಿದ್ದೀರಾ, ಇಲ್ಲ ಇಲಿ ಹಿಡಿಯೋಕೆ ಬೆಟ್ಟ ಅಗೀತಿದ್ದೀರಾ?

2019ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರ ತನಕ ಮೊಬೈಲ್ ಒಪ್ಪಿಸಬೇಕು ಅನ್ನೋ ನಿಯಮ ಇತ್ತು. ಒಬ್ಬ ಪದವಿ ವಿದ್ಯಾರ್ಥಿನಿ ಒಪ್ಪಲಿಲ್ಲ. ಅವಳನ್ನು ಹಾಸ್ಟೆಲ್‌ನಿಂದ ಹೊರಹಾಕಿದರು. ಅವಳು ಹೈಕೋರ್ಟಿಗೆ ಹೋದಳು. ಇಂಟರ್ನೆಟ್ ಬಳಸೋ ಹಕ್ಕು ಶಿಕ್ಷಣದ ಹಕ್ಕಿನ ಭಾಗ, 21ನೇ ವಿಧಿಯ ಖಾಸಗಿತನದ ಭಾಗ ಅಂತ ಕೇರಳ ಹೈಕೋರ್ಟ್ ಹೇಳಿ, ಅವಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಆದೇಶ ಮಾಡ್ತು. ಶಿಸ್ತು ಬೇಡ ಅಂತ ಕೋರ್ಟ್ ಹೇಳಲಿಲ್ಲ. ಬೇರೆಯವರಿಗೆ ತೊಂದರೆ ಆಗದ ಹಾಗೆ ಬಳಸಬೇಕು ಅನ್ನೋದನ್ನೂ ಒಪ್ಪಿತು.

ಇಲ್ಲೂ ಫಲಿತಾಂಶ ಮಾತ್ರ ಓದೋರು "ಹಾಸ್ಟೆಲ್‌ನಲ್ಲಿ ಫೋನ್ ಹಿಡಿಯೋ ಹಾಗಿಲ್ಲ, ಕೋರ್ಟ್ ಹೇಳಿದೆ" ಅಂತ ವಾರ್ಡನ್ ಜೊತೆ ಜಗಳಕ್ಕೆ ಹೋಗ್ತಾರೆ. ಸ್ವಲ್ಪ ತಡೀರಿ. ಕೇರಳ ಹೈಕೋರ್ಟಿನ ತೀರ್ಪು ಕರ್ನಾಟಕವನ್ನು ಕಟ್ಟಿಹಾಕಲ್ಲ. ಇಲ್ಲಿನ ಕೋರ್ಟ್ ಅದನ್ನು ಗೌರವದಿಂದ ಓದಬಹುದು, ಒಪ್ಪಬಹುದು, ಬಿಡಬಹುದು. ನಮಗೆ ಅಲ್ಲಿಂದ ಸಿಗೋದು ಪ್ರಶ್ನೆ ಕೇಳೋ ರೀತಿ. "ಈ ನಿಯಮ ಯಾತಕ್ಕೆ? ಇದಕ್ಕಿಂತ ಕಡಿಮೆ ಕಟ್ಟುನಿಟ್ಟಿನಲ್ಲಿ ಅದೇ ಕೆಲಸ ಆಗಲ್ವಾ?" ಇದು ಜಗಳಕ್ಕಿಂತ ಎಷ್ಟೋ ಗಟ್ಟಿಯಾದ ಮಾತು.

ಕೋರ್ಟ್ ತಪ್ಪು ಮಾಡಲ್ವಾ?

ಮಾಡುತ್ತೆ. ಎಮರ್ಜೆನ್ಸಿ ಕಾಲದಲ್ಲಿ, 1976ರ ಏಪ್ರಿಲ್‌ನಲ್ಲಿ, ಎಡಿಎಂ ಜಬಲ್ಪುರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 4-1ರಿಂದ ಹೇಳಿದ್ದೇನು ಗೊತ್ತಾ? ಎಮರ್ಜೆನ್ಸಿ ಇರೋ ತನಕ, ನನ್ನನ್ನು ಅಕ್ರಮವಾಗಿ ಜೈಲಿಗೆ ಹಾಕಿದ್ದಾರೆ ಅಂತ ಕೇಳಿಕೊಂಡು ಯಾರೂ ಕೋರ್ಟಿಗೆ ಬರೋ ಹಾಗಿಲ್ಲ ಅಂತ. ಒಪ್ಪದೆ ಬರೆದವರು ಒಬ್ಬರೇ, ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಮುಂದೆ ಮುಖ್ಯ ನ್ಯಾಯಮೂರ್ತಿ ಆಗಬೇಕಿದ್ದ ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ನೇಮಿಸಿದರು. ಖನ್ನಾ ರಾಜೀನಾಮೆ ಕೊಟ್ಟರು. 41 ವರ್ಷ ಆದಮೇಲೆ, ಅದೇ ಪುಟ್ಟಸ್ವಾಮಿ ತೀರ್ಪಿನಲ್ಲಿ, ಕೋರ್ಟ್ ಆ ಹಳೆ ತೀರ್ಪು ತಪ್ಪು ಅಂತ ತೆಗೆದುಹಾಕಿತು. ಹಾಗೆ ಬರೆದವರು ಡಿ.ವೈ. ಚಂದ್ರಚೂಡ್. 1976ರ ಬಹುಮತದಲ್ಲಿ ಇದ್ದವರಲ್ಲಿ ಒಬ್ಬರು ಅವರ ತಂದೆ ವೈ.ವಿ. ಚಂದ್ರಚೂಡ್!

ಚುನಾವಣೆಗೆ ನಿಲ್ಲದ ನ್ಯಾಯಾಧೀಶರು ಕಾನೂನು ರೂಪಿಸೋದು ಸರಿಯಾ ಅನ್ನೋ ಪ್ರಶ್ನೆ ಸುಮ್ಮನೆ ತಳ್ಳಿಹಾಕೋ ಅಂಥದ್ದಲ್ಲ. ನನ್ನ ಉತ್ತರ ಇಷ್ಟೇ. ಒಬ್ಬ ಮಂತ್ರಿ "ಇಲ್ಲ" ಅಂದರೆ ಕಾರಣ ಬರೆದು ಕೊಡಲೇಬೇಕು ಅಂತಿಲ್ಲ. ನ್ಯಾಯಾಧೀಶರು ಬರೀಬೇಕು, ಸಹಿ ಹಾಕಬೇಕು, ಎಲ್ಲರ ಮುಂದೆ ಇಡಬೇಕು. ಖನ್ನಾ ಅವರು ಸೋತ ಪಕ್ಷದಲ್ಲಿ ನಿಂತು ಬರೆದ ಕಾರಣ 2017ರಲ್ಲಿ ಗೆದ್ದಿತು, ಯಾಕೆಂದರೆ ಅದು ಬರಹದಲ್ಲಿ ಇತ್ತು, ಯಾರೋ ಓದಿದ್ದರು. ಓದೋರು ಇಲ್ಲದಿದ್ದರೆ ಕೋರ್ಟಿನ ಅಧಿಕಾರಕ್ಕೆ ಲಗಾಮೇ ಇರಲ್ಲ. ಹಾಗಾಗಿ ತೀರ್ಪು ಓದೋದು ಲಾ ಸ್ಟೂಡೆಂಟ್‌ಗಳ ಕೆಲಸ ಮಾತ್ರ ಅಲ್ಲ ಅಂತ ನನಗನಿಸುತ್ತೆ.

ಈಗ ಬಾಂಡ್ ವಿಷಯ

ನಮ್ಮ ಕಾಂಟ್ರಾಕ್ಟ್ ಕಾಯಿದೆ 1872ರದ್ದು. ಆಗ ಭಾರತದಲ್ಲಿ ಟೆಲಿಫೋನೂ ಇರಲಿಲ್ಲ, ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂತೂ ದೂರದ ಮಾತು. ಅದೇ ಕಾಯಿದೆ ಇವತ್ತಿನ ಆಫರ್ ಲೆಟರ್‌ಗೂ ಅನ್ವಯ ಆಗುತ್ತೆ. ಆ ಹಳೆ ಸಾಲುಗಳಿಗೆ ಹೊಸ ಅರ್ಥ ಕೊಟ್ಟುಕೊಂಡು ಬಂದಿರೋದು ಕೋರ್ಟುಗಳೇ. ನಮಗೆ ಬೇಕಾದ ಸೆಕ್ಷನ್‌ಗಳು ಮೂರು.

ಸೆಕ್ಷನ್ 27: ಯಾರನ್ನಾದರೂ ತನ್ನ ವೃತ್ತಿ ಮಾಡದ ಹಾಗೆ ತಡೆಯೋ ಒಪ್ಪಂದ ಆ ಮಟ್ಟಿಗೆ ಅಸಿಂಧು. ಓದಿದರೆ ಎಲ್ಲ ಬಾಂಡೂ ಬಿದ್ದುಹೋಗಬೇಕು ಅನಿಸುತ್ತೆ. ಆದರೆ ಕೋರ್ಟುಗಳು ಒಂದು ಗೆರೆ ಎಳೆದಿವೆ. ಕೆಲಸದಲ್ಲಿ ಇರುವಾಗಿನ ನಿರ್ಬಂಧ ಬೇರೆ, ಬಿಟ್ಟ ಮೇಲಿನ ನಿರ್ಬಂಧ ಬೇರೆ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ವಿರುದ್ಧ ಅವರ ಹಳೆ ಏಜೆನ್ಸಿ ಕೋರ್ಟಿಗೆ ಹೋಗಿತ್ತು. ಒಪ್ಪಂದ ಮುಗಿದ ಮೇಲೂ ಬೇರೆ ಕಂಪನಿ ಜೊತೆ ಹೋಗೋ ಮುಂಚೆ ನಮಗೇ ಮೊದಲ ಅವಕಾಶ ಕೊಡಬೇಕು ಅನ್ನೋ ಷರತ್ತಿತ್ತು. ಮೇಲ್ನೋಟಕ್ಕೆ ಇದು ಸೆಕ್ಷನ್ 27ಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಜಹೀರ್ ಪರ ನಿಂತಿತು.

ಸೆಕ್ಷನ್ 23: ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ನಡೆಯಲ್ಲ. 1986ರಲ್ಲಿ ಬ್ರೋಜೋನಾಥ್ ಗಂಗೂಲಿ ಕೇಸಿನಲ್ಲಿ ಒಂದು ಸರ್ಕಾರಿ ನಿಗಮ ತನ್ನ ಕಾಯಂ ನೌಕರರನ್ನು ಮೂರು ತಿಂಗಳ ನೋಟಿಸ್ ಕೊಟ್ಟು, ಕಾರಣ ಹೇಳದೆ ತೆಗೆಯಬಹುದು ಅನ್ನೋ ನಿಯಮ ಇಟ್ಟುಕೊಂಡಿತ್ತು. ನೌಕರರು ಒಪ್ಪಿ ಸಹಿ ಹಾಕಿದ್ದಾರಲ್ಲ ಅನ್ನೋ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಒಂದು ಕಡೆ ದೊಡ್ಡ ಸಂಸ್ಥೆ, ಇನ್ನೊಂದು ಕಡೆ ಕೆಲಸ ಬೇಕಾದ ಮನುಷ್ಯ. ಚೌಕಾಸಿ ಮಾಡೋ ಶಕ್ತಿಯೇ ಇಲ್ಲದವನ ಸಹಿಯನ್ನು ಸಮಾನರ ಸಹಿ ಥರ ನೋಡೋಕೆ ಆಗಲ್ಲ ಅಂತು. ನಮ್ಮ ಪರಿಸ್ಥಿತಿಗೆ ಇದಕ್ಕಿಂತ ಹತ್ತಿರದ ವರ್ಣನೆ ಇದೆಯಾ? ಬಾಂಡ್‌ನ ಒಂದು ಷರತ್ತು ಬದಲಾಯಿಸಿ ಅಂತ ಎಚ್ಆರ್‌ಗೆ ಹೇಳಿ ಗೆದ್ದ ಫ್ರೆಷರ್ ಒಬ್ಬರನ್ನೂ ನಾನು ನೋಡಿಲ್ಲ.

ಸೆಕ್ಷನ್ 74: ಒಪ್ಪಂದ ಮುರಿದರೆ ಇಷ್ಟು ಕೊಡಬೇಕು ಅಂತ ಬರೆದಿದ್ದರೆ, ಕೋರ್ಟ್ ಕೊಡಿಸೋದು ನ್ಯಾಯವಾದ ಪರಿಹಾರ, ಅದೂ ಬರೆದ ಮೊತ್ತ ಮೀರದ ಹಾಗೆ. ಅಂದ್ರೆ ಬಾಂಡ್‌ನಲ್ಲಿರೋ ಸಂಖ್ಯೆ ಸೀಲಿಂಗ್, ಬೆಲೆ ಅಲ್ಲ. 1963ರಲ್ಲೇ ಸುಪ್ರೀಂ ಕೋರ್ಟಿನ ಐವರ ಪೀಠ ಇದನ್ನು ಬಿಡಿಸಿ ಹೇಳಿದೆ.

ಇಷ್ಟು ತಲೆಯಲ್ಲಿ ಇಟ್ಟುಕೊಂಡು ವಿಜಯಾ ಬ್ಯಾಂಕ್ ತೀರ್ಪು ನೋಡಿ. ಬ್ಯಾಂಕ್ 2006ರಲ್ಲಿ 349 ಅಧಿಕಾರಿಗಳ ನೇಮಕಾತಿಗೆ ಜಾಹೀರಾತು ಕೊಟ್ಟಿತ್ತು. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಅನ್ನೋ ಷರತ್ತು ಅದರಲ್ಲೇ ಇತ್ತು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಆಗಿ ಸೇರಿದ ಒಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಆಕ್ಷೇಪ ಹೇಳಿಕೊಂಡೇ ದುಡ್ಡು ಕಟ್ಟಿ, ಆಮೇಲೆ ಕೇಸ್ ಹಾಕಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು. ಸುಪ್ರೀಂ ಕೋರ್ಟಿನಲ್ಲಿ ಬ್ಯಾಂಕ್ ಗೆದ್ದಿತು.

ಯಾಕೆ? ಮೊದಲನೆಯದು, ಷರತ್ತು ಅವರನ್ನು ಬೇರೆ ಕೆಲಸ ಮಾಡಬೇಡಿ ಅಂತ ತಡೆದಿರಲಿಲ್ಲ, ಮೂರು ವರ್ಷ ಇರಿ ಅಂದಿತ್ತು ಅಷ್ಟೇ. ಎರಡನೆಯದು, ಅದು ಸಾರ್ವಜನಿಕ ವಲಯದ ಬ್ಯಾಂಕ್. ಯಾರನ್ನೋ ಫೋನ್ ಮಾಡಿ ಕರೆದು ಆ ಸೀಟಿಗೆ ಕೂರಿಸೋ ಹಾಗಿಲ್ಲ. ಮತ್ತೆ ಜಾಹೀರಾತು, ಸ್ಪರ್ಧೆ, ಖರ್ಚು ಎಲ್ಲ ಮಾಡಬೇಕು. ಮೂರನೆಯದು, ಸೀನಿಯರ್ ಮ್ಯಾನೇಜರ್ ಸಂಬಳದವರಿಗೆ ಎರಡು ಲಕ್ಷ ಅಂದರೆ ರಾಜೀನಾಮೆಯನ್ನೇ ಅಸಾಧ್ಯ ಮಾಡೋ ಮೊತ್ತ ಅಲ್ಲ. ಅವರು ಕಟ್ಟಿಯೇ ಹೋದರಲ್ಲ.

ಇದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಅದು ಯಾವ ಗ್ರೂಪಿಗೂ ಬರಲಿಲ್ಲ. ಕಂಪನಿಯೇ ಪ್ರಿಂಟ್ ಮಾಡಿ ಕೊಡೋ ಸಿದ್ಧ ಕಾಂಟ್ರಾಕ್ಟ್‌ನಲ್ಲಿ ಎರಡೂ ಕಡೆ ಸಮಬಲ ಇರಲ್ಲ ಅನ್ನೋದನ್ನು ಕೋರ್ಟ್ ಒಪ್ಪುತ್ತೆ. ಅಂಥ ನಿರ್ಬಂಧದ ಷರತ್ತು ನ್ಯಾಯವಾದದ್ದು ಅಂತ ತೋರಿಸೋ ಹೊಣೆ ಕೆಲಸ ಕೊಟ್ಟವರ ಮೇಲಿದೆ, ನೌಕರರ ಮೇಲಲ್ಲ ಅಂತ ಹೇಳುತ್ತೆ.

ಈಗ ಈ ಕಾರಣಗಳನ್ನು ನಮ್ಮ ಮೇಲೆ ಇಟ್ಟು ನೋಡೋಣ. ವರ್ಷಕ್ಕೆ ಮೂರೂವರೆ ಲಕ್ಷ ಕೊಡೋ ಖಾಸಗಿ ಕಂಪನಿ ಫ್ರೆಷರ್ ಹತ್ತಿರ ಎರಡು ಲಕ್ಷದ ಬಾಂಡ್ ಬರೆಸಿಕೊಂಡರೆ? ಕಂಪನಿಗೆ ಆ ಸಾರ್ವಜನಿಕ ನೇಮಕಾತಿಯ ಕಟ್ಟುಪಾಡು ಇಲ್ಲ. ಮೊತ್ತ ಅರ್ಧ ವರ್ಷಕ್ಕಿಂತ ಜಾಸ್ತಿ ಸಂಬಳ. ತರಬೇತಿ ಅಂದರೆ ಮೂರು ವಾರದ ರೆಕಾರ್ಡೆಡ್ ವಿಡಿಯೋ. ಆ ಬಾಂಡ್ ಖಂಡಿತ ಬೀಳುತ್ತೆ ಅಂತ ನಾನು ಹೇಳ್ತಿಲ್ಲ, ನಾನು ಲಾಯರ್ ಅಲ್ಲ. ಕಂಪನಿ ನಿಜವಾಗಿ ದುಡ್ಡು ಸುರಿದು ಕಲಿಸಿದ್ದರೆ, ಮಾರನೇ ದಿನವೇ ಓಡಿಹೋಗೋದೂ ನ್ಯಾಯ ಅಲ್ಲ. ನಾನು ಹೇಳ್ತಿರೋದು, ವಿಜಯಾ ಬ್ಯಾಂಕ್ ತೀರ್ಪು ಕಂಪನಿಗಳ ಕೈಗೆ ಕೊಟ್ಟ ಖಾಲಿ ಚೆಕ್ ಅಲ್ಲ. "ಸುಪ್ರೀಂ ಕೋರ್ಟೇ ಹೇಳಿದೆ" ಅಂತ ಯಾರಾದರೂ ಹೆದರಿಸಿದರೆ "ಯಾವ ಕಾರಣಕ್ಕೆ ಹೇಳಿದೆ?" ಅಂತ ತಿರುಗಿ ಕೇಳೋಷ್ಟು ನಮಗೆ ಗೊತ್ತಿರಬೇಕು.

ಏನು ಮಾಡಬಹುದು

ಮೊದಲ ವರ್ಷದಲ್ಲಿ ನಾವೆಲ್ಲ ಸಂವಿಧಾನದ ಪೇಪರ್ ಬರೆದಿದ್ದೀವಿ. ಯಾವ ವಿಧಿ ಯಾವುದರ ಬಗ್ಗೆ, ಸರಿ ಉತ್ತರಕ್ಕೆ ಟಿಕ್ ಹಾಕಿ. ಒಂದೇ ಒಂದು ತೀರ್ಪನ್ನೂ ನಾವು ಅಲ್ಲಿ ತೆರೆದು ನೋಡಲಿಲ್ಲ. ಸರ್ಕ್ಯೂಟ್ ಥಿಯರಿ ಓದಿಸಿ ಲ್ಯಾಬ್‌ಗೆ ಕಳಿಸದಿದ್ದರೆ ಹೇಗಿರುತ್ತೋ ಹಾಗೆ.

ಇನ್ನೊಂದು ತೊಡಕು ಭಾಷೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆದರೂ 'ಇಂಡೆಮ್ನಿಟಿ ಬಾಂಡ್', 'ಲಿಕ್ವಿಡೇಟೆಡ್ ಡ್ಯಾಮೇಜಸ್' ಅಂತ ಓದಿದಾಗ ತಲೆಗೆ ಏನೂ ಹೋಗಲ್ಲ. 'ನಷ್ಟ ತುಂಬಿಕೊಡ್ತೀನಿ ಅಂತ ಬರೆದುಕೊಟ್ಟ ಮುಚ್ಚಳಿಕೆ', 'ಮೊದಲೇ ಗೊತ್ತು ಮಾಡಿದ ಪರಿಹಾರ' ಅಂದರೆ ನಮ್ಮ ಅಜ್ಜಿಗೂ ಅರ್ಥ ಆಗುತ್ತೆ. ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳಲ್ಲಿ ಕೆಲವನ್ನು ಕನ್ನಡಕ್ಕೂ ಅನುವಾದ ಮಾಡಿ ತನ್ನ ವೆಬ್‌ಸೈಟ್‌ನಲ್ಲಿ ಹಾಕುತ್ತಿದೆ. ಆ ಕನ್ನಡ ಸ್ವಲ್ಪ ಗಡುಸು, ಒಪ್ತೀನಿ. ಅದನ್ನು ಮೆತ್ತಗೆ ಮಾಡೋಕೆ ತಾನೇ ಕನ್ನಡ ಸಂಘ ಇರೋದು?

ಹಾಗಾಗಿ ನಮ್ಮ ಸಂಘಕ್ಕೆ ನನ್ನದೊಂದು ಬೇಡಿಕೆ. ರಾಜ್ಯೋತ್ಸವಕ್ಕೆ ಇಷ್ಟು ಓಡಾಡೋ ನಾವು ತಿಂಗಳಿಗೆ ಒಂದು ಸಂಜೆ, ಒಂದು ತೀರ್ಪು ಇಟ್ಟುಕೊಂಡು ಕೂರೋಣ. ಯಾರು ಗೆದ್ದರು ಅನ್ನೋದನ್ನು ಐದು ನಿಮಿಷದಲ್ಲಿ ಮುಗಿಸಿ, ಉಳಿದ ಹೊತ್ತೆಲ್ಲ ಯಾಕೆ ಅನ್ನೋದಕ್ಕೆ ಕೊಡೋಣ. ಮೊದಲನೆಯದು ವಿಜಯಾ ಬ್ಯಾಂಕ್ ತೀರ್ಪೇ ಆಗಲಿ, ಪ್ಲೇಸ್‌ಮೆಂಟ್ ಸೀಸನ್ ಶುರುವಾಗೋ ಮುಂಚೆ.

ಫೈನಲ್ ಇಯರ್‌ನವರಿಗೆ ಅಷ್ಟು ದಿನ ಕಾಯೋಕೆ ಆಗಲ್ಲ. ಅವರು ಸೈನ್ ಹಾಕೋ ಮುಂಚೆ ಮೂರು ಪ್ರಶ್ನೆಯನ್ನು ಇಮೇಲ್‌ನಲ್ಲೇ ಕೇಳಲಿ, ಬಾಯಿಮಾತಲ್ಲಿ ಬೇಡ. ಈ ಮೊತ್ತ ಯಾವ ಖರ್ಚಿಗೆ? ನಾನು ಕೆಲಸ ಮಾಡಿದ ತಿಂಗಳುಗಳ ಲೆಕ್ಕದಲ್ಲಿ ಇದು ಇಳಿಯುತ್ತಾ? ಬಿಟ್ಟ ಮೇಲೂ ಇದು ನನ್ನನ್ನು ಬೇರೆ ಕಡೆ ಕೆಲಸ ಮಾಡದ ಹಾಗೆ ತಡೆಯುತ್ತಾ? ಉತ್ತರ ಬಂದರೆ ಎತ್ತಿಡಿ. ಬರದಿದ್ದರೆ ನೀವು ಕೇಳಿದ ಇಮೇಲನ್ನಾದರೂ ಎತ್ತಿಡಿ, ಅದೂ ಒಂದು ದಾಖಲೆ.